ಕಿರ್ಗಿಸ್ತಾನದ ಉಣ್ಣೆ ಕಾಲುಚೀಲ

ನಮ್ಮ ಮನೆಯವರು ನನ್ನನ್ನು ಬಿಟ್ಟು ಹಿಮ ನೋಡಿ ಬಂದರು. ಇಷ್ಟು ವರ್ಷಗಳಾದ ಮೇಲೂ ಈ ಒಂದು ಸಾಲು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ. ಉರಿದರೆ ಉರಿಯಲಿ, ಸುಳ್ಳೇಕೆ ಹೇಳಲಿ?

ನಾನು ವಿಜಾಪುರದ ಕಡೆಯವಳು. ಮದುವೆಯಾಗಿ ಕುವೈತಿಗೆ ಬಂದ ಹೊಸದರಲ್ಲಿ, ಮಂಗಫ್‌ನ ನಮ್ಮ ಫ್ಲಾಟಿನ ಹಳೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಂಜುಗಡ್ಡೆ ಬೆಳ್ಳಗೆ ದಪ್ಪಗೆ ಕಟ್ಟಿಕೊಳ್ಳುತ್ತಿತ್ತು. ಒಂದು ದಿನ ನಾನು ಅದನ್ನು ಚಮಚದಿಂದ ಕೆರೆಯುತ್ತಿದ್ದಾಗ ನಮ್ಮವರು ಒಂದು ಚೂರು ತೆಗೆದು ನನ್ನ ಅಂಗೈ ಮೇಲಿಟ್ಟು, "ಸದ್ಯಕ್ಕ ಇದನ್ನ ಬರ್ಫ ಬಿದ್ದೈತಿ ಅಂತ ತಿಳ್ಕೋ. ಖರೇ ಬರ್ಫ ಇಬ್ಬರೂ ಕೂಡೇ ನೋಡೂಣು. ಸಿಮ್ಲಾಕ್ಕ ಕರಕೊಂಡು ಹೋಗ್ತೀನಿ" ಅಂದಿದ್ದರು. ನಾನು ಅದನ್ನು ನಂಬಿದ್ದೆ. ಆದರೆ ಪ್ರತಿ ರಜೆಯೂ ಊರಿನಲ್ಲಿ ಯಾರದೋ ಮದುವೆ, ಯಾರೋ ಬಸುರಿಯ ಕುಬಸ, ಯಾರದೋ ತೊಟ್ಟಿಲು ಎಂದು ಮುಗಿದುಹೋಗುತ್ತಿತ್ತು. ಸಿಮ್ಲಾ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ನಾನೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ.

ಅವರು ಜನರೇಟರ್ ಮೆಕ್ಯಾನಿಕ್. ಅವರ ಕಂಪನಿಯ ಮಾಲೀಕ, ಅಂದರೆ ಆ ದೇಶದಲ್ಲಿರಲು ಬೇಕಾದ ನಮ್ಮ ಇಕಾಮಾ ಪರವಾನಗಿಗೆಲ್ಲ ಸಹಿ ಹಾಕುವ ಕಫೀಲ್, ಕುವೈತಿನ ಮನುಷ್ಯ. ಅವನಿಗೆ ಬೇಟೆಯ ಹುಚ್ಚು. ಬೇಟೆ ಅಂದರೆ ಮರುಭೂಮಿಯಲ್ಲಿ ಗಿಡುಗ ಹಾರಿಸುವುದಲ್ಲ. ಪ್ರತಿ ವರ್ಷ ಬಿಸಿಲು ಇಳಿಯುವ ಹೊತ್ತಿಗೆ ಯಾವುದೋ ದೂರದ ದೇಶಕ್ಕೆ ಹೋಗಿ, ಅಲ್ಲಿಯ ಗೈಡುಗಳನ್ನು ಹಿಡಿದು, ಕುದುರೆ ಹತ್ತಿ, ಬೆಟ್ಟದ ತುದಿಯಲ್ಲಿ ಮೇಯುವ ಕಾಡು ಟಗರು ಹೊಡೆದು ಬರುವುದು. ಒಂದು ವರ್ಷ ಕಿರ್ಗಿಸ್ತಾನದಲ್ಲಿ ಅವನ ಡೇರೆಯ ಜನರೇಟರ್ ಕೈಕೊಟ್ಟು, ಹೀಟರ್ ಆರಿ, ಅವನು ಚಳಿಗೆ ನಡುಗಿ ನೀಲಿಯಾಗಿದ್ದನಂತೆ. ಮರುವರ್ಷ ತನ್ನದೇ ಜನರೇಟರ್, ತನ್ನದೇ ಮೆಕ್ಯಾನಿಕ್ ಬೇಕು ಅಂದ. ವರ್ಕ್‌ಶಾಪಿನಲ್ಲಿ ಕೇರಳದವರು, ಪಾಕಿಸ್ತಾನದವರು, ಈಜಿಪ್ಟಿನವರು ಎಲ್ಲರೂ ನಾನು ತಾನು ಅಂತ ಮುಂದೆ ಬಂದರು. ಅವನು ಬೆರಳು ತೋರಿಸಿದ್ದು ನಮ್ಮವರ ಕಡೆಗೆ.

ಮನೆಗೆ ಬಂದು ಸುದ್ದಿ ಹೇಳಿದಾಗ ಅವರ ಮುಖ ಪೂರಿಯ ಹಾಗೆ ಉಬ್ಬಿತ್ತು.

"ನಾವು ತತ್ತೀನೂ ಮುಟ್ಟಾವ್ರಲ್ಲ. ಕೊರಳಾಗ ಲಿಂಗ ಕಟ್ಕೊಂಡು ಬ್ಯಾಟೀಗಿ ಹೊಂಟೀರೇನ್ರಿ?" ಅಂದೆ.

"ಬ್ಯಾಟಿ ಆಡಾಕ ನಾ ಎಲ್ಲಿ ಹೊಂಟೀನಿ? ಜನರೇಟರ್ ಕಾಯಾಕ ಹೊಂಟೀನಿ."

"ಅಲ್ಲಿ ಬರ್ಫ ಇರ್ತೈತೇನು?"

ಅವರು ನನ್ನ ಮುಖ ನೋಡಲಿಲ್ಲ. ಶೂ ಬಿಚ್ಚುತ್ತ, "ಇರಬೇಕು" ಅಂದರು.

ಲಿಂಗ, ಟಗರು, ಪಾಪ, ಪುಣ್ಯ ಎಲ್ಲ ನೆಪ. ನನಗೆ ಚುಚ್ಚಿದ್ದು ಆ ಬರ್ಫ. ಅವರಿಗೂ ಅದು ಗೊತ್ತಿತ್ತು. ಆದರೂ ಹೆಂಡತಿಯಲ್ಲವೇ, ಮೂರು ದಿನ ಕುಳಿತು ಜೋಳದ ಕಟಕ ರೊಟ್ಟಿ ಬಡಿದೆ. ಅಲ್ಲಿ ಎಲ್ಲದರಲ್ಲೂ ಮಾಂಸ, ಇವರು ಏನು ತಿಂದಾರು? ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಕುಟ್ಟಿ ಕಟ್ಟಿದೆ. ಒಂದೊಂದು ರೊಟ್ಟಿ ಬಡಿಯುವಾಗಲೂ ಕೈ ಸ್ವಲ್ಪ ಜೋರಾಗಿಯೇ ಬೀಳುತ್ತಿತ್ತು. ಕೆಳಗಿನ ಮನೆಯವರು ಬಂದು ಏನು ರಿಪೇರಿ ನಡೆದಿದೆ ಎಂದು ಕೇಳಿಹೋದರು.

ಅವರು ತಿರುಗಿ ಬಂದಾಗ ಕೆನ್ನೆ ಕೆಂಪಗಾಗಿ ಸಿಪ್ಪೆ ಏಳುತ್ತಿತ್ತು, ಮೈ ಇಳಿದಿತ್ತು. ಮಕ್ಕಳಿಗೆ ಚಾಕಲೇಟು, ನನಗೆ ಏರ್‌ಪೋರ್ಟಿನಲ್ಲಿ ಕೊಂಡ ಒಂದು ಸೆಂಟಿನ ಬಾಟಲಿ. ತಮಗಾಗಿ ಒಂದು ಜೋಡಿ ಉಣ್ಣೆಯ ಕಾಲುಚೀಲ ತಂದುಕೊಂಡಿದ್ದರು. ಕೈಯಲ್ಲಿ ಹೆಣೆದದ್ದು, ಒರಟು, ಬೂದು ಬಣ್ಣ, ಮೇಲಂಚಿಗೆ ಕೆಂಪು ಗೆರೆ. "ಅಲ್ಲಿ ಬಜಾರದಾಗ ತೊಗೊಂಡೆ" ಅಂದರು. ಏಸಿ ಹಾಕಿದ ಕೋಣೆಯಲ್ಲಿ ಅದನ್ನೇ ಹಾಕಿಕೊಂಡು ಮಲಗುತ್ತಿದ್ದರು. ತೊಳೆಯಲು ಕೇಳಿದರೆ ತಾವೇ ತೊಳೆದುಕೊಳ್ಳುವುದು. ಮದುವೆಯಾದಂದಿನಿಂದ ತಮ್ಮ ಒಂದು ಕರವಸ್ತ್ರ ತೊಳೆದವರಲ್ಲ! ಆ ಕಾಲುಚೀಲ ಕಂಡರೆ ನನಗಾಗುತ್ತಿರಲಿಲ್ಲ.

ಮೊದಲ ಶುಕ್ರವಾರವೇ ನಮ್ಮ ಕಡೆಯ ನಾಲ್ಕಾರು ಕುಟುಂಬದವರು ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿ ಸೇರಿದರು. ಶುಕ್ರವಾರ ಎಲ್ಲರಿಗೂ ರಜೆ. ಸಾಲ್ಮಿಯಾದಿಂದ ಇಂಜಿನಿಯರ್ ಒಬ್ಬರು, ಅವರ ಹೆಂಡತಿಯೂ ಬಂದಿದ್ದರು. ಆ ವೈನಿ ಸಮುದ್ರ ಕಾಣುವ ಮನೆಯಲ್ಲಿರುವವರು, ಮಂಗಫ್‌ಗೆ ಬಂದಾಗಲೆಲ್ಲ ನಮ್ಮ ಲಿಫ್ಟಿನ ಬಗ್ಗೆ ಒಂದು ಮಾತು ಆಡದೆ ಹೋದವರಲ್ಲ. ಅಂಥವರು ಅವತ್ತು ಗಲ್ಲಕ್ಕೆ ಕೈಕೊಟ್ಟು ನಮ್ಮವರ ಬಾಯನ್ನೇ ನೋಡುತ್ತ ಕುಳಿತರು.

ನಮ್ಮವರು ಹೇಳಿದ್ದೇ ಹೇಳಿದ್ದು. ಒಂದು ದಿನ ಜೀಪು, ಆಮೇಲೆ ಕುದುರೆ. ಒಂದು ಬದಿಗೆ ಗೋಡೆಯಂಥ ಬೆಟ್ಟ, ಇನ್ನೊಂದು ಬದಿಗೆ ಕಂದರ. ಗೈಡ್ ಮುಂದೆ, ಕಫೀಲ್ ನಡುವೆ, ಹಿಂದೆ ಇವರು. ಉಸಿರು ಬಿಟ್ಟರೆ ಮೀಸೆಯ ಮೇಲೆ ಬರ್ಫ. ಬಂಡೆಯ ಹಿಂದೆ ಹೊಟ್ಟೆ ಮೇಲೆ ಮಲಗಿ ದುರ್ಬೀನಿನಲ್ಲಿ ನೋಡಿದ್ದು. "ಟಗರು ಹೀಂಗ ತಿರುಗಿ ನನ್ನನ್ನ ನೋಡ್ತು" ಅಂತ ಕುತ್ತಿಗೆ ತಿರುಗಿಸಿ ತೋರಿಸಿದರು. ಕಡೆಗೆ, ಎಲ್ಲ ಮುಗಿದ ಮೇಲೆ, ಆ ಬೆಟ್ಟದ ನೆತ್ತಿಯಲ್ಲಿ, ಮೊಣಕಾಲುದ್ದ ಹಿಮದಲ್ಲಿ ಕುಳಿತು ನನ್ನ ರೊಟ್ಟಿ ಮುರಿದು ತಿಂದದ್ದು.

"ಏನ್ ಪುಣ್ಯಾ ಮಾಡೀರಿ ವೈನಿ, ಇಂಥಾ ಗಂಡನ್ನ ಪಡೀಲಿಕ್ಕೆ" ಅಂದರು ಸಾಲ್ಮಿಯಾದವರು. ಅವರ ದನಿಯಲ್ಲಿ ಹೊಟ್ಟೆಕಿಚ್ಚು ಸಣ್ಣಗೆ ಹೊಗೆಯಾಡುತ್ತಿತ್ತು. ಅದರ ಗುರುತು ನನಗೆ ಚೆನ್ನಾಗಿ ಹತ್ತುತ್ತದೆ. ಒಳಗೆ ನನ್ನದೂ ಉರಿಯುತ್ತಿತ್ತಲ್ಲ. ಹಾಗಿದ್ದರೂ, ಖರೇ ಹೇಳಬೇಕೆಂದರೆ, ಅವರ ಆ ಮಾತು ನನಗೆ ಬಾಸುಂದಿಯ ಹಾಗೆ ಇಳಿಯಿತು.

ಹೀಗೆ ವರ್ಷವಿಡೀ ನಡೆಯಿತು. ಯಾರ ಮನೆಯಲ್ಲಿ ಸೇರಿದರೂ ಯಾರಾದರೊಬ್ಬರು, "ಆ ಬ್ಯಾಟೀದು ಹೇಳ್ರಿ ಸಾಹೇಬ್ರ" ಅನ್ನುವುದು, ಇವರು ಒಲ್ಲೆ ಒಲ್ಲೆ ಅನ್ನುತ್ತಲೇ ಶುರು ಮಾಡುವುದು. ತಿಂಗಳಿಂದ ತಿಂಗಳಿಗೆ ಬೆಟ್ಟ ಎತ್ತರವಾಗುತ್ತಿತ್ತು, ಹಿಮ ಮೊಣಕಾಲಿನಿಂದ ಸೊಂಟಕ್ಕೆ ಏರುತ್ತಿತ್ತು. ನಾನು ಅಡುಗೆಮನೆಯಲ್ಲಿ ನಿಂತು ಪಾತ್ರೆ ಸಪ್ಪಳ ಮಾಡುತ್ತಿದ್ದೆ. ದೂರದ ಬೆಟ್ಟ ನುಣ್ಣಗೆ ಅಂತ ಮನಸ್ಸಿಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮನಸ್ಸು ಕೇಳಬೇಕಲ್ಲ. ಹುಟ್ಟಿದಾಗಿನಿಂದ ಹಿಮದಲ್ಲೇ ಓಡಾಡಿಕೊಂಡಿದ್ದ ಆ ಸತ್ತ ಟಗರಿನ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಅಂದರೆ ನೀವೇ ತಿಳಿದುಕೊಳ್ಳಿ. ಒಂದು ಸಲ ಟಿವಿಯಲ್ಲಿ ಹಿಮ ಬೀಳುವುದು ತೋರಿಸಿದಾಗ ಎದ್ದು ಬಂದ್ ಮಾಡಿದೆ. ಮಗಳು, "ಅಮ್ಮಾ, ಯು ಆರ್ ಜಸ್ಟ್ ಜೆಲಸ್" ಅಂದಳು. ಹೌದು, ಏನೀಗ, ಅಂದೆ.

ಮರುವರ್ಷ ಕಫೀಲನ ಮನೆಯಿಂದ ಹೇಳಿಕಳಿಸಿದರು. ಕಿರ್ಗಿಸ್ತಾನದಲ್ಲಿ ಅವನೂ ನನ್ನ ಕಟಕ ರೊಟ್ಟಿಯ ರುಚಿ ನೋಡಿದ್ದನಂತೆ. ಅವನ ತಾಯಿಗೆ ಅದನ್ನು ತಿನ್ನಬೇಕಂತೆ, ಮಾಡಿದವಳೂ ಬರಬೇಕಂತೆ. ಒಂದು ಗುರುವಾರ ಅವರ ಡ್ರೈವರ್ ಬಂದು ನನ್ನನ್ನೂ ರೊಟ್ಟಿಯ ಗಂಟನ್ನೂ ಕರೆದೊಯ್ದ. ನಮ್ಮವರು ಡ್ಯೂಟಿಯಲ್ಲಿದ್ದರು.

ಆ ಅಜ್ಜಿ ಸಣ್ಣವಳಿದ್ದಾಗ ಅಪ್ಪನ ವ್ಯಾಪಾರದ ಕಾರಣ ಮುಂಬೈಯಲ್ಲಿದ್ದವಳು. ಅವಳ ಹಿಂದಿ ನನ್ನ ವಿಜಾಪುರದ ಹಿಂದಿಗಿಂತ ಚಂದವಿತ್ತು. ರೊಟ್ಟಿ ಮುರಿದು ಬಾಯಲ್ಲಿಟ್ಟುಕೊಂಡು ಹಪ್ಪಳದ ಹಾಗೆ ಸಪ್ಪಳ ಮಾಡಿ ನಕ್ಕಳು. ಆಮೇಲೆ ನನ್ನ ಕೈ ಹಿಡಿದು ದೊಡ್ಡ ಕೋಣೆಗೆ ಕರೆದೊಯ್ದಳು. ಅಲ್ಲಿ ಗೋಡೆಯ ಮೇಲೆ ಆ ಟಗರಿನ ತಲೆ ಇತ್ತು. ಅದನ್ನು ಹದ ಮಾಡಿ ಕಳಿಸಲು ಅಲ್ಲಿಯವರಿಗೆ ವರ್ಷ ಹಿಡಿದಿತ್ತಂತೆ. ಕಂದು ಮುಖ, ಕುತ್ತಿಗೆಯ ತುಂಬ ಬೆಳ್ಳನೆಯ ಕೂದಲು. ಕೊಂಬುಗಳು ಕಿವಿಯನ್ನು ಸುತ್ತಿ ಬಂದು, ಮತ್ತೆ ಹೊರಕ್ಕೆ ಚಾಚಿ, ನಾನು ಎರಡೂ ಕೈ ಅಗಲಿಸಿದರೂ ಸಾಲದಷ್ಟು ಅಗಲ. ಗಾಜಿನ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಇದೇ ಅಲ್ಲವೇ ನಮ್ಮವರನ್ನು ತಿರುಗಿ ನೋಡಿದ್ದು ಅಂತ ಸಿಟ್ಟು ಬಂತು.

ಅಜ್ಜಿ ಫೋಟೋಗಳ ಆಲ್ಬಮ್ ತೆಗೆದಳು. ಬೆಟ್ಟ, ಕುದುರೆ, ಹಿಮ, ಬಂದೂಕು ಹಿಡಿದ ಮಗ, ಪಕ್ಕದಲ್ಲಿ ಗೈಡ್. ನಾನು ಪ್ರತಿ ಫೋಟೋದಲ್ಲೂ ನಮ್ಮವರನ್ನು ಹುಡುಕಿದೆ. ಎಲ್ಲೂ ಇಲ್ಲ. ಕಡೆಯ ಪುಟದಲ್ಲಿ ಸಿಕ್ಕರು. ಮಣ್ಣಿನ ಗೋಡೆಯ ಒಂದು ಕೋಣೆ, ಒಲೆಯ ಪಕ್ಕದಲ್ಲಿ ಹಾಸಿಗೆ, ಅದರ ಮೇಲೆ ನಮ್ಮವರು ಬಾಣಂತಿಯ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡು, ಕಂಬಳಿ ಹೊದ್ದು ಕುಳಿತಿದ್ದರು. ಪಕ್ಕದಲ್ಲಿ ಹಲ್ಲಿಲ್ಲದ ಒಬ್ಬ ಮುದುಕಿ, ಕೈಯಲ್ಲಿ ನನ್ನ ರೊಟ್ಟಿ. ಕಂಬಳಿಯ ಹೊರಗೆ ಚಾಚಿದ ಕಾಲಿನಲ್ಲಿ ಕೆಂಪು ಗೆರೆಯ ಆ ಕಾಲುಚೀಲ.

"ತೇರಾ ಮರ್ದ್ ತೋ ಬಸ್ ಸೋಯಾ! ಮಿಸ್ಕೀನ್!" ನಿನ್ನ ಗಂಡ ಬರೀ ಮಲಗಿದ್ದನಲ್ಲ, ಪಾಪ, ಎಂದು ಅಜ್ಜಿ ಲೊಚಗುಟ್ಟಿದಳು. ಆಮೇಲೆ ಬಿಡಿಸಿ ಹೇಳಿದಳು. ಮೊದಲ ದಿನ ಡೇರೆ ಮುಟ್ಟುವಷ್ಟರಲ್ಲೇ ನಮ್ಮವರಿಗೆ ಆ ಎತ್ತರ ಒಗ್ಗದೆ ತಲೆ ಸಿಡಿದು, ವಾಂತಿಯಾಗಿ, ನಿಲ್ಲಲಾಗಲಿಲ್ಲವಂತೆ. ಗೈಡ್ ಅವರನ್ನು ಕುದುರೆಗೆ ಕಟ್ಟಿ ಕೆಳಗಿನ ಹಳ್ಳಿಗೆ ಇಳಿಸಿ, ತನ್ನ ತಾಯಿಯ ಮನೆಯಲ್ಲಿ ಮಲಗಿಸಿದನಂತೆ. ಬೇಟೆ ಮುಗಿಯುವ ತನಕ ಅಲ್ಲೇ. ಕಾಲುಚೀಲ ಹೆಣೆದು ಹಾಕಿದವಳೂ ಆ ಮುದುಕಿಯೇ.

ಕಾರಿನಲ್ಲಿ ಮನೆಗೆ ಬರುವಾಗ ನನಗೆ ನಗುವೂ ಬರುತ್ತಿತ್ತು, ಎದೆಯೂ ಹಗುರಾಗಿತ್ತು. ಸೊಂಟದುದ್ದ ಹಿಮವಂತೆ, ದುರ್ಬೀನಂತೆ! ವರ್ಷವಿಡೀ ನಾನು ಹೊಟ್ಟೆ ಉರಿಸಿಕೊಂಡದ್ದು ಹಾಸಿಗೆ ಹಿಡಿದ ಗಂಡಸಿನ ಮೇಲೆ.

ಮರುದಿನ ಶುಕ್ರವಾರ. ಊಟವಾದ ಮೇಲೆ ಎಂದಿನಂತೆ ಬೇಟೆಯ ಮಾತು ಬಂತು, ನಮ್ಮವರು ಶುರು ಮಾಡಿದರು. ನಾನು ಅವತ್ತು ಅಡುಗೆಮನೆಗೆ ಹೋಗಲಿಲ್ಲ. ಎದುರಿಗೇ ಕುಳಿತೆ.

"ಕರ್ರಗ ಇತ್ರಿ, ಅಮಾಸಿ ಹಂಗ. ಕೊಂಬು ಕಿವೀಗಿ ಅಂಟಿಕೊಂಡು ಸುತ್ತಿದ್ವು" ಅಂದರು. ಅಯ್ಯೋ ದೇವರೇ, ಅದು ನಮ್ಮೂರ ಕಾಳಗದ ಟಗರು! ಇವರು ಜನ್ಮದಲ್ಲಿ ಕಂಡದ್ದು ಅದೊಂದನ್ನೇ, ವರ್ಷವಿಡೀ ಅದನ್ನೇ ಕಿರ್ಗಿಸ್ತಾನದ ಬೆಟ್ಟ ಹತ್ತಿಸಿದ್ದರು. ಒಂದು ಮಾತು ಆಡಿದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಎದುರಿಗೆ ಸಾಲ್ಮಿಯಾದ ವೈನಿ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದರು. ಆಡಿಕೊಳ್ಳುವವರ ಮುಂದೆ ನನ್ನ ಗಂಡ ಎಡವಿ ಬೀಳುವುದೇ? ಆ ವೈನಿಯ ಹೊಟ್ಟೆಕಿಚ್ಚನ್ನು ನನ್ನ ಕೈಯಾರೆ ನಾನೇ ಆರಿಸಲೇ?

"ಕರೀದಲ್ಲ ಬಿಡ್ರಿ, ಮರತೀರಿ" ಅಂದೆ. "ಕಂದು ಇತ್ತು. ಕುತ್ತಿಗಿ ತುಂಬ ಬಿಳೀ ಕೂದಲಾ. ಕೊಂಬು ಕಿವಿ ಸುತ್ತಿ ಮತ್ತ ಹೊರಗ ಚಾಚಿದ್ವು, ಆ ಕಿಟಕಿಯಷ್ಟು ಅಗಲ."

"ವೈನಿ, ನೀವೂ ಹೋಗಿದ್ರೇನು?" ಎಂದು ಎಲ್ಲರೂ ನಕ್ಕರು. ನಮ್ಮವರು ನಗಲಿಲ್ಲ. ನನ್ನನ್ನೇ ನೋಡಿದರು. ಉಳಿದ ಕಥೆಯನ್ನು, ರೊಟ್ಟಿ ತಿಂದದ್ದರ ತನಕ, ನಾನೇ ಹೇಳಿ ಮುಗಿಸಿದೆ. ಚಂದ ಹೇಳಿದೆ.

ಎಲ್ಲರೂ ಹೋದ ಮೇಲೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಗೊತ್ತಾತೇನು?"

"ಆತು. ಫೋಟೋ ನೋಡಿದೆ. ಎಲ್ಲರಿಗೂ ಹೇಳಿದ್ದು ಬಿಡ್ರಿ. ನನಗ್ಯಾಕ ಸುಳ್ಳ ಹೇಳಿದ್ರಿ?"

"ವರ್ಕ್‌ಶಾಪಿನಾಗ ಅಷ್ಟ್ ಮಂದೀನ ಬಿಟ್ಟು ನನ್ನ ಆರಿಸಿದ್ದ. ಹೋಗಿ ಮಕ್ಕೊಂಡು ಬಂದೆ ಅಂತ ಯಾವ ಬಾಯಿಲೆ ಹೇಳ್ಲಿ? ಒಂದು ಹೇಳಿದೆ. ಅದು ಬೆಳಕೋತ ಹೋತು."

ನನಗೆ ಕೇಳಬೇಕಿದ್ದದ್ದು ಬೇರೆಯೇ ಇತ್ತು. ಕೈ ಒರೆಸಿಕೊಂಡೆ. "ಹಂಗಾರ ಬರ್ಫ ನೋಡೇ ಇಲ್ಲೇನು?"

"ಕಿಟಕಿ ಹೊರಗ ಇತ್ತು. ಏಳಾಕ ಆಗ್ತಿರಲಿಲ್ಲ."

"ಮುಟ್ಟಿಲ್ಲ?"

ಇಲ್ಲ ಅಂದುಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಖಲಾಸ್ ಆಗುತ್ತಿತ್ತು. ವರ್ಷವಿಡೀ ಸುಳ್ಳು ಹೇಳಿದ ಮನುಷ್ಯ, ಅವತ್ತೇ ಖರೇ ಹೇಳಬೇಕೇ?

"ಆ ಮುದುಕಿ ಹೊರಗ ಹೋಗಿ ಒಂದೊಂದು ಹಿಡಿ ತರ್ತಿದ್ಲು. ಅರಿವ್ಯಾಗ ಕಟ್ಟಿ ನನ್ನ ಹಣೀ ಮ್ಯಾಲ ಇಟ್ಟು, ಕೈಲೆ ಒತ್ತಿ ಹಿಡಕೊಂಡು ಕೂಡ್ತಿದ್ಲು. ಕರಗಿ ಕಿವ್ಯಾಗ ಇಳೀತಿತ್ತು. ಅವಾಗ ತಲಿ ಬ್ಯಾನಿ ಕಡಿಮಿ ಆಗೂದು."

"ಇದನ್ನ ಒಂದ್ ಸಲಾನೂ ಯಾರ ಮುಂದೂ ಹೇಳ್ಲಿಲ್ಲಲ್ಲ?"

"ಅದು ಖರೇ ಇತ್ತಲ್ಲ" ಅಂದರು.

ನಾನು ತಿರುಗಿ ನಲ್ಲಿ ಬಿಟ್ಟೆ. ಬೆಟ್ಟದ ಮೇಲಿನ ಹೊಟ್ಟೆಕಿಚ್ಚು ಹೋಗಿ ಅದರ ಹತ್ತರಷ್ಟು ಬಂದು ಕುಳಿತಿತ್ತು. ಹಲ್ಲಿಲ್ಲದ, ಹೆಸರು ಗೊತ್ತಿಲ್ಲದ, ನನ್ನ ಅಜ್ಜಿಯ ವಯಸ್ಸಿನ ಒಬ್ಬ ಹೆಂಗಸಿನ ಮೇಲೆ. ಅವಳು ನನ್ನ ಗಂಡನ ಜೀವ ಕಾಯ್ದವಳು, ಅವಳಿಗೆ ಕೈ ಮುಗಿಯಬೇಕು, ಎಲ್ಲ ಗೊತ್ತು. ಆದರೆ ಆ ಹಿಡಿ ಹಿಮವನ್ನು ಆ ಹಣೆಯ ಮೇಲೆ ನಾನು ಇಡಬೇಕಾಗಿತ್ತು. ನನಗೆ ಅವರು ಕೊಟ್ಟದ್ದು ಫ್ರಿಜ್ಜಿನ ಚೂರು.

ಅವತ್ತೇ ಆ ಕಾಲುಚೀಲಗಳನ್ನು ನನ್ನ ಕಪಾಟಿಗೆ ಸೇರಿಸಿದೆ. ಕುವೈತಿನ ಚಳಿಗಾಲದಲ್ಲಿ ನಾನೇ ಹಾಕಿಕೊಳ್ಳುತ್ತೇನೆ. ನನ್ನ ಕಾಲಿಗೆ ದೊಡ್ಡವು, ಹಿಮ್ಮಡಿಯಲ್ಲಿ ಸುಕ್ಕುಗಟ್ಟುತ್ತವೆ, ಚುಚ್ಚುತ್ತವೆ. ಅವರು ಎರಡು ಸಲ ಕೇಳಿದರು. ಕೊಡಲಿಲ್ಲ.