ಮಾವನವರ ಹಸಿರು ಕಪಾಟು

ನಮ್ಮ ಮಾವನವರ ಬಿಳಿ ಮೀಸೆಯ ಎಡ ತುದಿ ಸುಮಾರು ಮೂರು ತಿಂಗಳು ಹಸಿರಾಗಿತ್ತು. ಯೋಚನೆ ಹತ್ತಿದಾಗಲೆಲ್ಲ ಆ ತುದಿಯನ್ನು ಹಿಡಿದು ತಿರುವುವುದು ಅವರ ರೂಢಿ. ಆ ದಿನಗಳಲ್ಲಿ ಅವರ ಬೆರಳಿಗೆ ಸದಾ ಬಣ್ಣ. ಸೀಮೆಎಣ್ಣೆ ಹಚ್ಚಿ ಒರೆಸಿಕೊಳ್ಳಿರೆಂದು ಅತ್ತೆ ಹೇಳಿದರೆ, ನಾಳೆ ಮತ್ತೆ ಹತ್ತುವುದನ್ನು ಇವತ್ತು ಯಾಕೆ ಒರೆಸಬೇಕು ಎನ್ನುತ್ತಿದ್ದರು. ಆ ಮೀಸೆ ಹೊತ್ತೇ ಅವರು ಯಲಬುರ್ಗಾದ ಪೇಟೆಗೆ, ಗುಡಿಗೆ, ಒಂದು ಸಲ ತಹಶೀಲ ಕಚೇರಿಗೂ ಹೋಗಿ ಬಂದರು.

ಅವರು ನಿಜಾಮರ ಸರಕಾರದಲ್ಲಿ ಗಿರ್ದಾವರ ಆಗಿದ್ದವರು. ಮೂವತ್ತು ವರ್ಷ ಕುದುರೆ ಹತ್ತಿ ಊರೂರು ತಿರುಗಿ ಹೊಲದ ಲೆಕ್ಕ, ಗಡಿಯ ಲೆಕ್ಕ ನೋಡಿದವರಿಗೆ ಪಿಂಚಣಿಯಾದ ಮೇಲೆ ಹೊತ್ತು ಹೋಗಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಬೇವಿನ ಬಾಗಿಲುಗಳನ್ನು ಕೊಯ್ದು, ಬಡಿಗನನ್ನು ಕರೆಯದೆ, ತಾವೇ ಆಳೆತ್ತರದ ಒಂದು ಕಪಾಟು ಮಾಡಿದರು. ಅದು ನೆಟ್ಟಗೆ ನಿಲ್ಲಲು ಒಂದು ಕಾಲಿನ ಕೆಳಗೆ ಹಂಚಿನ ಚೂರು ಇಡಬೇಕಾಗುತ್ತಿತ್ತು. ಅದರ ಬಗ್ಗೆ ಅವರಿಗೆ ಚಿಂತೆಯಿರಲಿಲ್ಲ. ಚಿಂತೆಯಿದ್ದದ್ದು ಮೈಯದು. ಯಾವುದೋ ದೊಡ್ಡ ಸಾಹೇಬರ ಬಂಗಲೆಯಲ್ಲಿ ಮುಖ ಕಾಣುವಷ್ಟು ನುಣುಪಾದ ಕಪಾಟನ್ನು ಕಂಡು ಬಂದಿದ್ದರು. ತಮ್ಮದೂ ಹಾಗೇ ಆಗಬೇಕು.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ವರ್ಷ ಅದು. ನಾನು ಮದುವೆಯಾಗಿ ಗಂಗಾವತಿಯಿಂದ ಆ ಮನೆಗೆ ಬಂದು ಎಂಟು ತಿಂಗಳಾಗಿತ್ತು. ನಮ್ಮ ಯಜಮಾನರು ಕುಷ್ಟಗಿಯ ಕಚೇರಿಯಲ್ಲಿ ಕಾರಕೂನರು, ವಾರಕ್ಕೊಮ್ಮೆ ಬಂದು ಹೋಗುವವರು. ಮನೆಯಲ್ಲಿ ಅತ್ತೆ, ಮಾವ, ಮದುವೆಯ ವಯಸ್ಸಿಗೆ ಬಂದ ನಾದಿನಿ, ನಾನು. ಸೊಸೆ ಮಾವನೆದುರು ಬಾಯಿ ಬಿಡುವ ಪದ್ಧತಿ ಇರಲಿಲ್ಲ. ಅವರು ನನಗೆ ಏನಾದರೂ ಹೇಳಬೇಕಾದರೆ ಪಡಸಾಲೆಯ ಕಂಬದ ಕಡೆ ಮುಖ ಮಾಡಿ ಹೇಳುತ್ತಿದ್ದರು. ಎಂಟು ತಿಂಗಳಲ್ಲಿ ಆ ಕಂಬ ಎಷ್ಟೋ ಸಲ ನೀರು ತಂದುಕೊಟ್ಟಿದೆ, ಎಲೆ ಅಡಿಕೆ ತಂದುಕೊಟ್ಟಿದೆ.

ಮೊದಲ ಸಲ ಅವರು ಕಟ್ಟಿಗೆಯ ಮೇಲೆ ನೇರವಾಗಿ ಬಣ್ಣ ಬಳಿದರು. ಬೇವಿನ ನಾರೆಲ್ಲ ಎದ್ದು ನಿಂತು ಕಪಾಟು ಗಡ್ಡ ಬಿಟ್ಟಂತೆ ಕಂಡಿತು. ಎರಡನೆಯ ಸಲ ದಪ್ಪಗೆ ಬಳಿದರು. ಅದು ಇಳಿದು ಬಾಗಿಲ ತುಂಬ ಕಣ್ಣೀರಿನ ಗೆರೆ ಮೂಡಿತು. ಮೂರನೆಯದು ಸರಿಯಾಗಿ ಕೂತಿತ್ತು. ಆದರೆ ಆಷಾಢದ ಗಾಳಿ ಬೀದಿಯ ಧೂಳನ್ನೆಲ್ಲ ತಂದು ಅದರ ಮೇಲೆ ಹಾಕಿತು. ಸಾಲದ್ದಕ್ಕೆ ಒಂದು ಗುಬ್ಬಿ ಒಣಗದ ನೆತ್ತಿಯ ಮೇಲೆ ಆ ತುದಿಯಿಂದ ಈ ತುದಿಯವರೆಗೆ ನಡೆದುಹೋಯಿತು. ಮಾವ ಆ ಹೆಜ್ಜೆಗಳನ್ನು ಬಹಳ ಹೊತ್ತು ನೋಡುತ್ತ ನಿಂತರು. ಉರ್ದುವಿನಲ್ಲಿ ಅರ್ಜಿ ಬರೆದಿದೆ ಎಂದು ಕಂಬಕ್ಕೆ ಹೇಳಿದರು. ನನಗೆ ನಗು ತಡೆಯಲಾಗದೆ ಅಡಿಗೆಮನೆಗೆ ಓಡಿದೆ.

ಆಮೇಲೆ ಅವರು ಕೊಪ್ಪಳಕ್ಕೆ ಹೋಗಿ, ಟಾಂಗಾಗಳಿಗೆ ಬಣ್ಣ ಹಚ್ಚುವ ಒಬ್ಬ ಮುದುಕ ಸಾಬರನ್ನು ಕಂಡು ಬಂದರು. ಆ ಸಾಬರು ಹೇಳಿದ್ದನ್ನು ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: “ಬಣ್ಣ ಹಚ್ಚೂದು ಕಡೀಗ್ರಿ, ಸಾಹೇಬರ. ಮೊದಲ ತಿಕ್ಕೂದು ಕಲೀರಿ.”

ಅವತ್ತಿನಿಂದ ಮನೆಯಲ್ಲಿ ತಿಕ್ಕುವ ಸದ್ದು ಶುರುವಾಯಿತು. ಹಳೆಯ ಬಣ್ಣವನ್ನೆಲ್ಲ ಹೆರೆದು ತೆಗೆದರು. ಉಸುಕಿನ ಕಾಗದ ಸುತ್ತಿದ ಕಟ್ಟಿಗೆಯ ತುಂಡು ಹಿಡಿದು ನಾರಿನ ಗುಂಟ ತಿಕ್ಕಿದರು. ಅಗಸಿ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ಕಲಸಿ, ಅತ್ತೆ ಹೋಳಿಗೆಯ ಕಣಕ ನಾದುವಷ್ಟೇ ಶ್ರದ್ಧೆಯಿಂದ ನಾದಿ, ಸಂದುಗಳಿಗೆಲ್ಲ ಮೆತ್ತಿದರು. ಅದು ಒಣಗಿದ ಮೇಲೆ ಮತ್ತೆ ತಿಕ್ಕಿದರು. ಬಣ್ಣವನ್ನು ತಮ್ಮ ಹಳೆಯ ಧೋತರದಲ್ಲಿ ಸೋಸಿದರು. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಅತ್ತೆಯ ಎರಡು ಕೌದಿಗಳನ್ನು ಒದ್ದೆ ಮಾಡಿ ಬಾಗಿಲಿಗೆ ಕಟ್ಟಿದರು. ತಮ್ಮನ್ನು ಕೇಳದೆ ಕೌದಿ ನೆನೆಸಿದರೆಂದು ಅತ್ತೆಗೆ ಬಂದ ಸಿಟ್ಟು ಹಬ್ಬದವರೆಗೂ ಇಳಿಯಲಿಲ್ಲ.

ಬಣ್ಣ ಒಣಗಿದ ದಿನ ಎಲ್ಲರನ್ನೂ ಕರೆದು ಕೇಳಿದರು. ನಾದಿನಿ ಮೊದಲ ಸಲದಿಂದಲೂ ಹೇಳುತ್ತ ಬಂದಂತೆ ಛಲೋ ಆಗಿದೆ ಎಂದಳು. ಅತ್ತೆ ನೋಡದೆಯೇ ಛಲೋ ಆಗಿದೆ ಎಂದರು. ಮಾವನವರಿಗೆ ಸಮಾಧಾನವಾಗಲಿಲ್ಲ. ತಮ್ಮ ಅಂಗೈ ಲಗಾಮು ಹಿಡಿದು ಹಿಡಿದು ಮೊಂಡಾಗಿದೆ, ಅದರ ಮಾತು ನಂಬುವಂತಿಲ್ಲ, ಒಳಗಿನವರು ಬಂದು ಕೈಯಾಡಿಸಿ ನೋಡಿದರೆ ಒಳ್ಳೆಯದು ಎಂದು ಕಂಬಕ್ಕೆ ಹೇಳಿದರು.

ಸೆರಗು ಮುಂದೆಳೆದುಕೊಂಡು ಹೋಗಿ ಕೈಯಾಡಿಸಿದೆ. ಕಣ್ಣಿಗೆ ಚೆನ್ನಾಗಿಯೇ ಇತ್ತು, ಕೈಗೆ ಇರಲಿಲ್ಲ. ಹೆಂಗೈತಿ ಎಂದು ಅವರು ಕೇಳಿದರು. ಏನಾಯಿತೋ, ನನ್ನ ಬಾಯಿ ತಾನೇ ತೆರೆಯಿತು.

“ಕರುವಿನ ನಾಲಿಗಿ ಇದ್ದಂಗೈತ್ರಿ, ಮಾವಾರ.”

ಅದು ನಾನು ಅವರಿಗೆ ಆಡಿದ ಮೊದಲ ಮಾತು. ಅತ್ತೆಯ ಕೈಯಲ್ಲಿದ್ದ ಮೊರ ಅಲ್ಲಿಗೇ ನಿಂತಿತು. ಮಾವ ಮೀಸೆ ತಿರುವಿದರು. ಎಲ್ಲೆಲ್ಲಿ, ಗುರುತು ಹಾಕು ಎಂದು ಸೀಮೆಸುಣ್ಣ ಕೊಟ್ಟರು. ಹದಿನೇಳು ಕಡೆ ಗುರುತು ಹಾಕಿದೆ. ಅವರು ಹದಿನೇಳನ್ನೂ ತಿಕ್ಕಿ, ಮತ್ತೆ ಮೆತ್ತಿ, ಮತ್ತೆ ಬಳಿದರು. ಹೀಗೆ ನಾಲ್ಕು ಸಲ. ಪ್ರತಿ ಸಲವೂ ನನ್ನ ಕೈ, ನನ್ನ ಸೀಮೆಸುಣ್ಣ. ಐದನೆಯ ಸಲ ಗುರುತು ಹಾಕಲು ಜಾಗ ಸಿಗಲಿಲ್ಲ. ಮರುದಿನ ಅತ್ತೆ ಕಪಾಟಿನ ಬಾಗಿಲಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುವುದನ್ನು ಕಂಡೆ. ಮಾವ ಕಂಬದ ಜೊತೆ ಮಾತಾಡುವುದನ್ನು ಅಷ್ಟರಲ್ಲೇ ಬಿಟ್ಟಿದ್ದರು.

ಮುಂದೆ ನಾದಿನಿಯನ್ನು ನೋಡಲು ಮಂಗಳೂರಿನಿಂದ, ಕಡಲ ಕಡೆಯದಲ್ಲ, ನಮ್ಮ ಕಡೆಯ ಹಳ್ಳಿ ಮಂಗಳೂರಿನಿಂದ, ಒಂದು ಮನೆಯವರು ಬಂದರು. ಹೊಲ, ಮನೆ, ಅಂಗಡಿ ಎಲ್ಲ ಇದ್ದವರು. ಹುಡುಗ ಪಡಸಾಲೆಗೆ ಬಂದವನೇ ಕಪಾಟಿನ ಹತ್ತಿರ ಹೋಗಿ, ಒಳಗೆ ಯಾವ ಕಟ್ಟಿಗೆಯೆಂದು ನೋಡಲು ಹೆಬ್ಬೆರಳಿನ ಉಗುರಿನಿಂದ ಬೆರಳುದ್ದ ಗೀರಿದ. ಬೇವು, ಸಾಗವಾನಿ ಅಲ್ಲ ಎಂದು ತನ್ನವರಿಗೆ ಹೇಳಿದ. ಮಾವ ನಕ್ಕು, ಕೂಡ್ರಿರೆಂದು ಚಾಪೆ ತೋರಿಸಿದರು.

ಊಟದ ಹೊತ್ತಿಗೆ ನಾನು ಅಡಿಗೆಮನೆಯ ಬಾಗಿಲ ಹಿಂದೆ ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ. ಹುಡುಗನ ತಾಯಿ, ಹಣ್ಣು ಮುದುಕಿ, ನಡುಮನೆಯಲ್ಲಿ ಒಬ್ಬರೇ ಕೂತು ಎರಡನೆಯ ಹೋಳಿಗೆಗೆ ಕೈ ಹಾಕಿದ್ದರು. ಕೈ ತೊಳೆಯಲು ಒಳಗೆ ಬಂದ ಮಗ ಸುತ್ತ ನೋಡಿ, ಯಾರೂ ಇಲ್ಲವೆಂದುಕೊಂಡು, ಆಕೆಯ ರಟ್ಟೆ ಹಿಡಿದು ಬಲವಾಗಿ ಹಿಸುಕಿದ. ಮುದುಕಿ ಕೂಗಲಿಲ್ಲ. ಹೋಳಿಗೆಯನ್ನು ತಿರುಗಿ ಬುಟ್ಟಿಯಲ್ಲಿಟ್ಟು ಕೈ ಒರೆಸಿಕೊಂಡರು. ದಿನವೂ ಆಗುವುದು ಆದಂತಿತ್ತು.

ಅವರು ಹೋದ ಮೇಲೆ ಅತ್ತೆ ಸಂಬಂಧ ಕುದುರಿತೆಂದು ಹಿಗ್ಗಿದರು. ಮಾವ ಗೀರಿನ ಮುಂದೆ ಕೂತು, ನೀ ಏನಂತೀ ಎಂದು ನನ್ನನ್ನು ಕೇಳಿದರು. ಎರಡು ಕೈ ಬಣ್ಣ ಬಳಿದರೆ ಹೋಗುತ್ತದೆ ಎಂದೆ.

“ಕಪಾಟಲ್ಲವ್ವಾ. ಹುಡುಗನ್ನ ಕೇಳಾಕತ್ತೇನಿ.”

ಬಂದ ಸಂಬಂಧವನ್ನು ಸೊಸೆ ಮುರಿದಳೆಂದಾದರೆ ಆ ಮನೆಯಲ್ಲಿ ನನ್ನ ಗತಿ ಏನು? ಆದರೂ ನಾದಿನಿಯ ತೆಳ್ಳನೆಯ ರಟ್ಟೆಗಳು ಕಣ್ಣಮುಂದೆ ಬಂದವು. ಕಂಡದ್ದನ್ನು ಹೇಳಿದೆ. ಅವರು ಕೇಳಿ ಎದ್ದು ಹೋದರು.

ಮರುದಿನ ಸಂಬಂಧ ತಂದಿದ್ದ ನಡುವಿನ ಹಿರಿಯರು ಬಂದಾಗ, ಹುಡುಗಿ ಕೊಡುವುದಿಲ್ಲ ಎಂದರು ಮಾವ. ಕಾರಣ ಕೇಳಿದ್ದಕ್ಕೆ, “ನನ್ನ ಕಪಾಟ ಗೀರ್ಯಾನ,” ಎಂದರು.

ಯಲಬುರ್ಗಾಕ್ಕೆ ಯಲಬುರ್ಗಾವೇ ನಕ್ಕಿತು. ಪೇಟೆಯಲ್ಲಿ ಅವರು ಎದುರಾದರೆ ಜನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅತ್ತೆ ಒಂದು ತಿಂಗಳು ಅವರೊಡನೆ ಮಾತು ಬಿಟ್ಟರು. ನನಗೆ ತಡೆಯಲಾಗಲಿಲ್ಲ. ನಿಜವಾದ ಕಾರಣವನ್ನೇ ಹೇಳಿಬಿಡಿರೆಂದು ಕಣ್ಣೀರು ಹಾಕಿದೆ.

“ಖರೇ ಹೇಳಿದ್ರ, ಯಾರು ನೋಡಿದ್ರು ಅಂತ ಕೇಳತಾರವ್ವಾ,” ಎಂದರು. “ನಿನಗ ಈ ಮನ್ಯಾಗ ಬಾಳೇ ಮಾಡೂದೈತಿ. ಆ ಮುದುಕಿಗೆ ಆ ಮನ್ಯಾಗ ಇರೂದೈತಿ. ಮಂದಿ ನಕ್ರ ಕಪಾಟದ ಬಣ್ಣ ಹೋಗತೈತೇನು?”

ಮರುವರ್ಷ ತಳಕಲ್ಲಿನ ಒಬ್ಬ ಸಾಲಿ ಮಾಸ್ತರರು ನಾದಿನಿಯನ್ನು ನೋಡಲು ಬಂದರು. ಕಥೆ ಅವರಿಗೂ ಮುಟ್ಟಿತ್ತು. ಬಂದಾಗಿನಿಂದ ಹೋಗುವವರೆಗೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಕೂತಿದ್ದರು. ಉಪ್ಪಿಟ್ಟು ತಿನ್ನಲು ಮಾತ್ರ ಒಂದು ಕೈ ಹೊರಗೆ ತೆಗೆದರು. ಆ ಮದುವೆ ಆಯಿತು. ನಾದಿನಿ ಸುಖವಾಗಿ ಬಾಳಿದಳು.

ನಿಜಾಮರ ರಾಜ್ಯ ಹೋದ ಮರುವರ್ಷ ಮಾವನವರು ಎರಡು ದಿನ ಜ್ವರ ಬಂದು ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ ಅತ್ತು, ಅಳುತ್ತಲೇ ಗೀರಿನ ಕಥೆ ತೆಗೆದು ನಕ್ಕರು. ನಾದಿನಿಯೂ ನಕ್ಕು, ಕಪಾಟಿನ ಮುಂದೆ ಮಗಳು ಹೆಚ್ಚಲ್ಲ ನಮ್ಮಪ್ಪಗ ಎಂದಳು. ಮಾತು ನನ್ನ ತುಟಿಯವರೆಗೆ ಬಂದಿತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದರು; ನುಂಗಿಕೊಂಡೆ. ಆಮೇಲೆ ನಾದಿನಿಯೊಬ್ಬಳೇ ಸಿಕ್ಕಾಗಲೂ ಹೇಳುವ ಧೈರ್ಯ ಬರಲಿಲ್ಲ. ಈಗ ಅತ್ತೆ ಇಲ್ಲ, ಆ ಮುದುಕಿ ಇಲ್ಲ, ಹೋದ ಶ್ರಾವಣದಲ್ಲಿ ನಾದಿನಿಯೂ ಹೋದಳು, ತನ್ನಪ್ಪನನ್ನು ಅರೆಹುಚ್ಚನೆಂದೇ ತಿಳಿದು. ಅವಳಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆದಿದ್ದೇನೆ.