ಕೆಂಪು ನೂಲಿನ ಬಾಟಲಿ

ರಬಕವಿಯ ನೇಕಾರ ಓಣಿಯ ಮೂಲೆಯಲ್ಲಿ ಸೋಡಾ ಅಂಗಡಿ ಇಟ್ಟಿದ್ದ ಕರೆವ್ವನ ಬಾಯಿ ಬಲು ಜೋರು. ಗೋಲಿ ಸೋಡಾ ಅಂಗಡಿಯಲ್ಲೇ ನಿಂತು ಕುಡಿದರೆ ಸರಿ, ಬಾಟಲಿ ಮನೆಗೆ ಒಯ್ಯುವವರು ಏನಾದರೂ ಒತ್ತಿ ಇಟ್ಟೇ ಹೋಗಬೇಕು. ರೊಕ್ಕವಿಲ್ಲದ ನೇಕಾರರು ಲಾಳಿ ಇಡುತ್ತಿದ್ದರು. ಲಾಳಿಯಿಲ್ಲದೆ ಮಗ್ಗ ನಡೆಯದು, ಹಾಗಾಗಿ ಕುಡಿದ ಕೂಡಲೇ ಬಾಟಲಿ ವಾಪಸ್ ಬರುತ್ತಿತ್ತು.

ಆಮೇಲೆ ಪ್ಲಾಸ್ಟಿಕ್ ಬಾಟಲಿ ಬಂತು. ಅದಕ್ಕೆ ಒತ್ತಿಯ ಹಂಗಿಲ್ಲ, ಕುಡಿದು ಗಟಾರಕ್ಕೆ ಎಸೆದರಾಯಿತು. ಎರಡು ಸಾವಿರದ ಹತ್ತರ ಸುಮಾರಿನ ಒಂದು ಮಳೆಗಾಲ ಗಟಾರ ಕಟ್ಟಿಕೊಂಡು, ನೀರು ಕರೆವ್ವನ ಗಂಡ ಗಿರಮಲ್ಲಪ್ಪನ ಕುಣಿಮಗ್ಗಕ್ಕೆ ನುಗ್ಗಿತು. ಮಗ್ಗಕ್ಕೆ ಏರಿಸಿದ್ದ ಹಾಸುನೂಲು ಕೊಳೆತುಹೋಯಿತು. ಸಾಹುಕಾರ ಮತ್ತೆ ನೂಲು ಕೊಡಲಿಲ್ಲ, ಪವರ್‌ಲೂಮಿನವರು ಆ ವಯಸ್ಸಿನವನನ್ನು ಕರೆಯಲಿಲ್ಲ. ಅವನು ಕಟ್ಟೆ ಹಿಡಿದು ಕೂತ.

ಕರೆವ್ವನಿಗೆ ನೆತ್ತಿಗೇರಿತು. ಪ್ಲಾಸ್ಟಿಕ್ ಬಾಟಲಿಗೂ ಎರಡು ರೂಪಾಯಿ ಒತ್ತಿ, ಖಾಲಿ ಬಾಟಲಿ ತಂದರೆ ರೊಕ್ಕ ವಾಪಸ್ ಎಂದಳು. ಎದುರಿನ ಅಂಗಡಿಯ ಅಣ್ಣಾಸಾಹೇಬನಿಗೂ ಹೇಳಿ ನೋಡಿದಳು.

"ಸರಕಾರ ಹೇಳಲಿ ಬೇ, ಇಡ್ತೀನಿ. ನೀ ಯಾರ ಹೇಳಾಕ?" ಎಂದು ಅವನು ನಕ್ಕ.

ಅವನಲ್ಲಿ ಒತ್ತಿಯಿಲ್ಲ, ಗಿರಾಕಿಗಳು ಅತ್ತ ವಾಲಿದರು. ಅವನ ಬಾಟಲಿ ತನ್ನ ಬಾಟಲಿಯಲ್ಲಿ ಬೆರೆಯಬಾರದೆಂದು ಕರೆವ್ವ ತನ್ನವುಗಳ ಕೊರಳಿಗೆ ಕೆಂಪು ನೂಲಿನ ಗಂಟು ಹಾಕಿದಳು. ನೇಕಾರರ ಊರಿನಲ್ಲಿ ನೂಲಿನ ಗಂಟನ್ನು ಗುರುತು ಮಾಡಿದವಳ ಬುದ್ಧಿಗೆ ಏನನ್ನೋಣ! ಅಲ್ಲಿ ತೊಟ್ಟಿಲ ಕೂಸೊಂದನ್ನು ಬಿಟ್ಟು ಎಲ್ಲರಿಗೂ ಆ ಗಂಟು ಬರುತ್ತದೆ.

ಪಕ್ಕದ ಮನೆಯ ಮುತ್ತವ್ವ ದಿನವೂ ಚೀಲ ತುಂಬ ಬಾಟಲಿ ತರತೊಡಗಿದಳು. ಎಲ್ಲಕ್ಕೂ ಕೆಂಪು ಗಂಟು. ಮಾರಿದ್ದಕ್ಕಿಂತ ಹೆಚ್ಚು ಬಾಟಲಿ ತಿರುಗಿ ಬಂದವು, ಹೊಸ ಮಾಲು ತರುವ ರೊಕ್ಕವೆಲ್ಲ ಕರಗಿತು. ಒಂದು ಮಧ್ಯಾಹ್ನ ಕರೆವ್ವ ಗಂಟನ್ನು ದಿಟ್ಟಿಸಿ ನೋಡಿದಳು. ನೂಲು ಎಡಕ್ಕೆ ಸುತ್ತಿತ್ತು. ಓಣಿಯಲ್ಲಿ ಹಾಗೆ ಸುತ್ತುವ ಎಡಚ ಒಬ್ಬನೇ. ಅಂಗಡಿ ಮುಚ್ಚಿ ಮನೆಗೆ ನಡೆದಳು.

ಗಿರಮಲ್ಲಪ್ಪ ಕೆಟ್ಟುಹೋದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮೊಣಕಾಲತನಕ ಗಟಾರದ ಕೆಸರು. ಸುತ್ತ ತೊಳೆದಿಟ್ಟ ಬಾಟಲಿಗಳು, ಕೈಯಲ್ಲಿ ಕೆಂಪು ನೂಲು.

"ಯಾರಿಗಿ ಮೋಸ ಮಾಡಾಕತ್ತೀರಿ?" ಎಂದಳು.

ಅವನು ತಲೆ ಎತ್ತಲಿಲ್ಲ. "ಚಹಾಕ್ಕ, ಎಲಿ-ಅಡಿಕಿಗಿ ನಿನ್ನ ಮುಂದ ಕೈ ಒಡ್ಡಾಕ ನಾಚಿಕಿ ಬರ್ತಿತ್ತು. ಅದಕ್ಕ ಮುತ್ತವ್ವನ ಕೈಲೆ ಕಳಿಸಿದೆ. ಗಟಾರಾನೂ ಸ್ವಚ್ಛ ಆತು, ನೋಡ್ ಹೋಗು."

ಬೈಯಲು ಬಂದವಳು ಬಾಗಿಲಿಂದ ಹೊರಗೆ ಇಣುಕಿದಳು. ಗಟಾರ ನಿಜಕ್ಕೂ ಹರಿಯುತ್ತಿತ್ತು. ಆದರೆ ಗಲ್ಲಾ ಬರಿದಾಗಿತ್ತು.

"ನಾಳಿಂದ ಒತ್ತಿ ಬಂದ್ ರೀ," ಎಂದಳು ಕೊನೆಗೆ. "ಊರ ತುಂಬ ಬಾಟ್ಲಿ ಮಾರ್ತಾರ, ನಾ ಒಬ್ಬಾಕಿ ಎಷ್ಟಂತ ತಿರುಗಿ ತಗೊಳ್ಳಲಿ?"

"ಖರೆ," ಎಂದ ಅವನು, ಅಷ್ಟೇ.

ಮರುದಿನ ಮುತ್ತವ್ವ ಬರಲಿಲ್ಲ. ಸಂಜೆ ಕರೆವ್ವ ಮನೆಗೆ ಬಂದರೆ ಗಿರಮಲ್ಲಪ್ಪ ಅದೇ ಕುಣಿಯಲ್ಲಿದ್ದ. ತೊಡೆಯ ಮೇಲೆ ಒಂದೇ ಬಾಟಲಿ. ಅದರ ಕೊರಳಿಗೆ ಗಂಟು ಹಾಕುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಹಾಕುತ್ತಿದ್ದ. ಜೋರು ಬಾಯಿಯ ಕರೆವ್ವ ಹೊಸ್ತಿಲಲ್ಲೇ ನಿಂತು ಅತ್ತಳು.