ಹಗ್ಗದ ದಪ್ಪ

ಚಳಿಗಾಲದ ಕೋಟನ್ನು ಕೊಡವುವಾಗ ಜೇಬಿನಿಂದ ಹಳದಿ ಸ್ಟಿಕರ್ ಒಂದು ಬಿತ್ತು. ಅಂಟು ಒಣಗಿತ್ತು. ನನ್ನದೇ ಅಕ್ಷರದಲ್ಲಿ ಬರೆದ ಅಂಕಿ, ನಲವತ್ತು, ಮಾತ್ರ ಹಾಗೇ ಇತ್ತು.

ಅದು ಕೆಲವು ವರ್ಷಗಳ ಹಿಂದಿನ, ನಮ್ಮ ಕನ್ನಡ ಬಳಗದ ಒಂದು ದಿನದ ಪ್ರವಾಸದ್ದು. ಬಹರೈನಿನಲ್ಲಿ ದುಡಿದವರ ಹಕ್ಕಿನ ಕಥೆ ಹೇಳುವ ಜಾಗಗಳನ್ನು ನೋಡುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆ ಮುಹರ್ರಕ್‌ನಲ್ಲಿ ಕಡಲಿಗಿಳಿದು ಮುತ್ತು ತೆಗೆಯುತ್ತಿದ್ದ ಕಾಲದ ಹಳೆಯ ಮನೆ, ಮಧ್ಯಾಹ್ನ ಅವಾಲಿ ಕಡೆಯ ಎಣ್ಣೆ ಬಾವಿ. ಯೋಜನೆ ನನ್ನದು, ಹಾಗಾಗಿ ಚಿಂತೆಯೂ ನನ್ನದೇ. ಸೆಗಯಾದಿಂದ ಬಸ್ಸು ಹೊರಡುವ ಮೊದಲೇ ನಾಲ್ಕು ಸಲ ತಲೆ ಎಣಿಸಿದ್ದೆ. ಮನೆಯೊಳಗೆ ನಲವತ್ತು ಮಂದಿಗಷ್ಟೇ ಅನುಮತಿ; ಒಬ್ಬೊಬ್ಬರ ಅಂಗಿಗೂ ಅಂಕಿ ಬರೆದ ಸ್ಟಿಕರ್ ಅಂಟಿಸಿದ್ದೆ. ನಲವತ್ತನೆಯವರು ಬಸ್ಸಿನ ಡ್ರೈವರ್ ಕಾಕ.

ಕಾಕ ಉಳ್ಳಾಲ ಕಡೆಯ ಬ್ಯಾರಿ. ಹಿಂದಿನ ವಾರವೇ ಕೇಳಿದ್ದರು.

"ಸಾರ್, ನಾನು ಸಹ ಒಳಗೆ ಬರ್ಬಹುದಾ? ನನ್ನ ಅಜ್ಜ ಮಂಜಿ ಹಡಗಿನಲ್ಲಿ ಹಂಚು ಹೇರಿಕೊಂಡು ಈ ಕಡೆ ಬಂದವರು. ಮತ್ತೆ ಮುತ್ತಿನ ದೋಣಿಯಲ್ಲಿ ಹಗ್ಗ ಎಳೀಲಿಕ್ಕೆ ನಿಂತರಂತೆ. ಊರಿಗೆ ವಾಪಸ್ ಬರ್ಲೇ ಇಲ್ಲ. ಆ ಮನೆಯಲ್ಲಿ ಅಂಥ ಹಗ್ಗ ಇಟ್ಟಿದ್ದಾರಂತೆ, ಒಮ್ಮೆ ನೋಡ್ಬೇಕಿತ್ತು."

"ಅದಕ್ಕೆಂತ ಕಾಕಾ, ನಿಮ್ಮ ಹೆಸರು ಬರೆದಾಯ್ತು" ಎಂದಿದ್ದೆ. ಬರೆದೂ ಇದ್ದೆ.

ಮನೆಯ ಬಾಗಿಲಲ್ಲಿ, ಹೇಳದೆ ಕೇಳದೆ, ನಮ್ಮ ಊಟದ ಪ್ರಾಯೋಜಕರ ಪತ್ನಿ ಕಾರಿನಿಂದ ಇಳಿದರು. ಅಧ್ಯಕ್ಷರು ನನ್ನತ್ತ ಹುಬ್ಬು ಏರಿಸಿದರು. ಅಧ್ಯಕ್ಷರ ಹುಬ್ಬನ್ನು ಎದುರಿಸುವ ಧೈರ್ಯ ನನಗೆ ಇಂದಿಗೂ ಇಲ್ಲ.

"ಕಾಕಾ, ಇಲ್ಲಿ ಪಾರ್ಕಿಂಗ್ ಕಷ್ಟ. ನೀವು ಬಸ್ಸಿನ ಹತ್ರವೇ ಇದ್ರೆ ಒಳ್ಳೇದಲ್ವಾ?"

ಮೂರು ಬಸ್ಸು ನಿಲ್ಲುವಷ್ಟು ಜಾಗ ಅಲ್ಲಿ ಖಾಲಿ ಬಿದ್ದಿತ್ತು. ಕಾಕ ಅದನ್ನು ನೋಡಿದರು, ನನ್ನನ್ನೂ ನೋಡಿದರು. ಅಂಗಿಯ ಮೇಲಿನ ಸ್ಟಿಕರನ್ನು ಹರಿಯದಂತೆ ಮೆಲ್ಲಗೆ ಬಿಡಿಸಿ ನನ್ನ ಕೈಗಿತ್ತರು. "ತೊಂದ್ರೆ ಇಲ್ಲ ಸಾರ್."

"ಅಯ್ಯೋ, ರೇಷ್ಮೆಗೆ ಅಂಟು ಹಿಡೀತದೆ, ನಂಗೆ ಬೇಡ" ಎಂದರು ಅತಿಥಿ. ನಾನು ಅದನ್ನು ಜೇಬಿಗೆ ಹಾಕಿಕೊಂಡೆ.

ಒಳಗೆ ಗೈಡ್ ಹೇಳುತ್ತಿದ್ದ. ಮುತ್ತಿಗಾಗಿ ಮುಳುಗುವವನ ಪ್ರಾಣ, ಮೇಲೆ ದೋಣಿಯಲ್ಲಿ ಹಗ್ಗ ಹಿಡಿದವನ ಕೈಯಲ್ಲಿತ್ತಂತೆ. ದೋಣಿಯ ಯಜಮಾನ ಒಪ್ಪದೆ ಇಬ್ಬರೂ ಬೇರೆ ದೋಣಿ ಹತ್ತುವಂತಿರಲಿಲ್ಲವಂತೆ. ಆ ಹಕ್ಕು ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. ಎಲ್ಲರೂ ಛೆ ಛೆ ಎಂದರು. ನಾನು ಮಾತ್ರ ತಲೆ ಎಣಿಸುತ್ತಿದ್ದೆ... ಯಾರೋ ಒಬ್ಬರು ಶೌಚಾಲಯಕ್ಕೆ ಹೋಗಿ ಲೆಕ್ಕ ತಪ್ಪಿಸಿದ್ದರು.

ಬಸ್ಸು ಹತ್ತಿದ ಮೇಲೆ ಮೈಕ್ ಹಿಡಿದು ದುಡಿಯುವವರ ಘನತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಸ್ಪೀಕರ್ ಇದ್ದದ್ದು ಕಾಕನ ತಲೆಯ ಮೇಲೆಯೇ.

ಊಟದ ಹೊತ್ತಿಗೆ ಕಾಕ ಬಳಿ ಬಂದರು. "ಹಗ್ಗ ಎಷ್ಟು ದಪ್ಪ ಉಂಟು ಸಾರ್?"

ನಾನು ಹಗ್ಗವನ್ನೇ ನೋಡಿರಲಿಲ್ಲ. "ಹೆಬ್ಬೆರಳಷ್ಟು" ಎಂದುಬಿಟ್ಟೆ.

ಅವರು ತಮ್ಮ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಅಷ್ಟೇಯಾ... ಇನ್ನೂ ದಪ್ಪ ಇರ್ಬಹುದು ಅಂತ ನಾನು ಗ್ರಹಿಸಿದ್ದು."

ಇನ್ನೊಂದು ಶುಕ್ರವಾರ ನಾನೇ ಕರೆದುಕೊಂಡು ಹೋಗಬಹುದಿತ್ತು. ಬುಸೈತೀನ್‌ನ ನನ್ನ ಫ್ಲ್ಯಾಟಿನಿಂದ ಆ ಮನೆಗೆ ಹತ್ತೇ ನಿಮಿಷ. ಕಾಕನನ್ನು ಕಂಡಾಗಲೆಲ್ಲ ಕರೆಯಬೇಕೆಂದುಕೊಂಡೆ, ಆ ಮಾತು ತೆಗೆಯಲು ನಾಚಿ ಮಳೆ ಸೆಕೆ ಮಾತಾಡಿದೆ. ಆಮೇಲೆ ಅವರು ವೀಸಾ ಮುಗಿಸಿ ಊರಿಗೆ ಹೋದರು. ಎರಡು ವರ್ಷದ ಹಿಂದೆ ಬಳಗದ ಗ್ರೂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಕೈಮುಗಿದ ಚಿತ್ರ ಒತ್ತಿದೆ. ಅದು ಹೋಯಿತೋ ಇಲ್ಲವೋ ಎಂದು ಎರಡು ಸಲ ನೋಡಿದೆ ಕೂಡ.

ಸ್ಟಿಕರ್ ಸಿಕ್ಕಿದ ಮರುದಿನ ಆ ಮನೆಗೆ ಹೋದೆ. ಬಾಗಿಲಲ್ಲಿ ಕಾವಲಿನವ "ಕಿತ್ನೇ ಆದ್ಮೀ?" ಎಂದ. ಒಬ್ಬನೇ ಎಂದೆ. ಒಳಗೆ, ಮೂಲೆಯಲ್ಲಿ, ಹಗ್ಗ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಹೆಬ್ಬೆರಳನ್ನು ಅದರ ಪಕ್ಕ ಇಟ್ಟೆ. ಎರಡು ಹೆಬ್ಬೆರಳು ಸೇರಿಸಿದರೂ ಸಾಲದು.

ಕಾಕ ಗ್ರಹಿಸಿದ್ದೇ ಸರಿಯಿತ್ತು... ಅದನ್ನು ಹೇಳೋಣವೆಂದರೆ ಅವರಿಲ್ಲ.